ನೋವು, ನರಮಂಡಲ ಮತ್ತು ವ್ಯಾಯಾಮ

ಪೆಟ್ಟು ಬಿದ್ದ ಅವಯವದಲ್ಲಿ ನೋವು ಹುಟ್ಟಿ, ನರಗಳ ಮೂಲಕ ಮಿದುಳಿಗೇರಿ, ಅಲ್ಲಿ ಅರಿವಿಗೆ ಬರುತ್ತದೆ. ಪೆಟ್ಟು ದೊಡ್ಡದಾದರೆ ನೋವೂ ದೊಡ್ಡದು, ಚಿಕ್ಕದಾದರೆ ಚಿಕ್ಕದು ಎಂಬುದು ಸರ್ವಸಾಧಾರಣವಾದ ನಂಬಿಕೆ. ಇದಕ್ಕೆ ಶಾಸ್ತ್ರದ ರೂಪ ಕೊಟ್ಟವನು ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್. ಅವನು ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ, 1662ರಲ್ಲಿ, ಪ್ರಕಟವಾದ ಗ್ರಂಥದಲ್ಲಿ ಬೆಂಕಿಯ ಬಳಿ ಕಾಲಿಟ್ಟವನೊಬ್ಬನ ಉದಾಹರಣೆಯಿದೆ. ಹಗ್ಗದ ಒಂದು ತುದಿಯನ್ನು ಜಗ್ಗಿದಾಗ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸುವಂತೆ, ಕಾಲಿಗೆ ತಗುಲಿದ ಉರಿ ಮಿದುಳಿನಲ್ಲಿ ನೋವನ್ನು ಎಬ್ಬಿಸುತ್ತದೆಂಬುದು ಅವನ ವಿವರಣೆ. ಈ ಗಂಟೆಯ ಹೋಲಿಕೆ ವೈದ್ಯಶಾಸ್ತ್ರವನ್ನು ಸುಮಾರು ಮೂರು ಶತಮಾನ ಆಳಿತು. ವ್ಯಾಯಾಮ ಕಲಿಸುವ ಎಷ್ಟೋ ಜನರ ಮನಸ್ಸನ್ನು ಇಂದಿಗೂ ಆಳುತ್ತಿದೆ. ಬೆನ್ನುನೋವೆಂದು ಬಂದವನಿಗೆ 'ಬಗ್ಗಬೇಡ, ಎತ್ತಬೇಡ, ಅಲುಗದೆ ಮಲಗು' ಎಂಬ ಉಪದೇಶ ಹೊರಡುವುದು ಇಲ್ಲಿಂದಲೇ.

ಈ ಉಪದೇಶದ ಬೆಲೆ ಸಣ್ಣದಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತೆಂದು ಅಂದಾಜು ಮಾಡಲಾಗಿದೆ. ಮನುಷ್ಯನನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಅದಕ್ಕೇ ಅಗ್ರಸ್ಥಾನ. ದಿನಕ್ಕೆ ಎಂಟು ಗಂಟೆ ಮೇಜಿನ ಮುಂದೆ ಕೂರುವ ವರ್ಗಕ್ಕೆ ಇದರ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ನೋವಿಗೆ ಹೆದರಿ ಚಲನೆಯನ್ನು ಬಿಟ್ಟವನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಬೇಗ ದಣಿಯುತ್ತದೆ. ದಣಿವು ಮತ್ತೆ ನೋವಾಗಿ ತೋರುತ್ತದೆ.

ಗಂಟೆಯ ಲೆಕ್ಕ ತಪ್ಪುವ ಪ್ರಸಂಗಗಳು ರಣರಂಗದಲ್ಲಿ ಎದ್ದುಕಂಡವು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಯುದ್ಧಭೂಮಿಯಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ವಿಚಾರಿಸಿ 1946ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ನೋವಿಗೆ ಮದ್ದು ಬೇಕೆ ಎಂದು ಕೇಳಿದಾಗ ಮುಕ್ಕಾಲು ಪಾಲು ಮಂದಿ ಬೇಡವೆಂದರು. ಗಾಯವೆಂದರೆ ಸೈನಿಕನಿಗೆ ಸಾವಿನ ಬಾಯಿಂದ ಬಿಡುಗಡೆ. ಅದೇ ಗಾಯ ಊರಿನಲ್ಲಿರುವ ಗೃಹಸ್ಥನಿಗೆ ವಿಪತ್ತಿನ ಆರಂಭ. ನೋವು ಈ ಅರ್ಥವನ್ನು ಅನುಸರಿಸುತ್ತದೆ ಎಂಬುದು ಬೀಚರರ ತರ್ಕ. ಇದಕ್ಕೆ ವಿಲೋಮವಾದ ಪ್ರಸಂಗವೊಂದು 1995ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಅಚ್ಚಾಯಿತು. 29 ವರ್ಷದ ಕಟ್ಟಡದ ಕೆಲಸಗಾರನೊಬ್ಬ 15 ಸೆಂಟಿಮೀಟರ್ ಉದ್ದದ ಮೊಳೆಯ ಮೇಲೆ ಜಿಗಿದ. ಮೊಳೆ ಬೂಟನ್ನು ಭೇದಿಸಿಕೊಂಡು ಮೇಲೆ ಬಂದಿತ್ತು. ಅದು ಕೊಂಚ ಅಲುಗಿದರೂ ಸಹಿಸಲಾಗದ ನೋವು. ಪ್ರಬಲವಾದ ಔಷಧಗಳನ್ನೇ ಕೊಡಬೇಕಾಯಿತು. ಬೂಟು ಕಳಚಿದಾಗ ಮೊಳೆ ಬೆರಳುಗಳ ನಡುವಿನಿಂದ ಹಾದುಹೋಗಿದ್ದು ಕಂಡಿತು. ಕಾಲಿಗೆ ಗಾಯವೇ ಆಗಿರಲಿಲ್ಲ. ಅವನು ನಟಿಸಿದನೆಂದು ಯಾರೂ ಹೇಳಲಿಲ್ಲ, ಹೇಳಲೂಬಾರದು. ಕಣ್ಣು ಕಂಡದ್ದನ್ನು ನಂಬಿ ಮಿದುಳು ತೀರ್ಪು ಕೊಟ್ಟಿತ್ತು, ಅಷ್ಟೆ.

ಭಾಷೆಯಲ್ಲಿ ಈ ಅರಿವು ಮೊದಲಿನಿಂದಲೂ ಅಡಗಿದೆಯೆಂಬುದು ಕುತೂಹಲದ ಸಂಗತಿ. ಸಂಸ್ಕೃತದ 'ವೇದನಾ' ಶಬ್ದದ ಧಾತು 'ವಿದ್'. ತಿಳಿ ಎಂದು ಅದರ ಅರ್ಥ. ಅದೇ ಶಬ್ದ ತದ್ಭವವಾಗಿ ಕನ್ನಡದ 'ಬೇನೆ' ಆಯಿತು. ಅಚ್ಚಗನ್ನಡದ 'ನೋವು' ಮೈಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ಲಕ್ಷಣವಾಕ್ಯವೂ ನೋವನ್ನು ಇಂದ್ರಿಯ, ಭಾವ ಎರಡಕ್ಕೂ ಸೇರಿದ ಅನುಭವವೆಂದೇ ಹೇಳುತ್ತದೆ; ನರಗಳು ಒಯ್ಯುವ ಅಪಾಯದ ಸುದ್ದಿ ಬೇರೆ, ನೋವೆಂಬ ಅನುಭವ ಬೇರೆ ಎಂದು ಸ್ಪಷ್ಟಪಡಿಸುತ್ತದೆ.

ಸುದ್ದಿ ಅನುಭವವಾಗುವ ಹಾದಿಯಲ್ಲಿ ಹಲವು ಕಡೆ ತಪಾಸಣೆಯುಂಟು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆಯಿದೆಯೆಂಬ ವಾದವನ್ನು ಮಂಡಿಸಿದರು. ಸ್ಪರ್ಶದ ಸುದ್ದಿಯನ್ನು ತರುವ ದಪ್ಪ ತಂತುಗಳು ಚುರುಕಾದಾಗ ಅಪಾಯದ ಸುದ್ದಿ ತರುವ ಸಣ್ಣ ತಂತುಗಳಿಗೆ ಬಾಗಿಲು ಅರ್ಧ ಮುಚ್ಚುತ್ತದೆ. ಎಡವಿದ ಬೆರಳನ್ನು ಒಡನೆ ಕೈಯಿಂದ ಉಜ್ಜಿಕೊಳ್ಳುವುದರ ಮರ್ಮ ಇದು. ಈ ವಾದದ ಅನೇಕ ವಿವರಗಳನ್ನು ಅನಂತರ ತಿದ್ದಬೇಕಾಯಿತಾದರೂ ಮುಖ್ಯಾಂಶ ನಿಂತಿದೆ. ಮಿದುಳು ತಾನೇ ಕೆಳಕ್ಕೆ ಆಜ್ಞೆ ಕಳಿಸಿ ಸುದ್ದಿಯನ್ನು ತಗ್ಗಿಸಬಲ್ಲದು, ಹೆಚ್ಚಿಸಲೂ ಬಲ್ಲದು. ದೇಹ ತಾನಾಗಿ ತಯಾರಿಸುವ ಅಫೀಮಿನಂಥ ದ್ರವ್ಯಗಳು 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪತ್ತೆಯಾದ ಮೇಲೆ ಇದಕ್ಕೆ ರಾಸಾಯನಿಕ ಆಧಾರವೂ ದೊರೆಯಿತು. ಇನ್ನೊಂದು ಮುಖವನ್ನು 1983ರಲ್ಲಿ ಕ್ಲಿಫರ್ಡ್ ವುಲ್ಫ್ ತೋರಿಸಿದರು. ಬಲವಾದ ಪೆಟ್ಟಿನ ಅನಂತರ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ. ಒಮ್ಮೆ ಕಳುವಾದ ಮನೆಯ ಕಾವಲುಗಾರ ಗಾಳಿಗೆ ಬಾಗಿಲು ಅಲುಗಿದರೂ ಕೂಗೆಬ್ಬಿಸುವಂಥ ಸ್ಥಿತಿ ಅದು. ಗಾಯ ಮಾಯ್ದರೂ ನೋವು ಉಳಿಯುವುದಕ್ಕೆ ಇದೊಂದು ಕಾರಣ.

ಇತ್ತ ಚಿತ್ರಪರೀಕ್ಷೆಗಳ ಸಾಕ್ಷ್ಯವೂ ಗಂಟೆಯ ಹೋಲಿಕೆಗೆ ಒಗ್ಗುವುದಿಲ್ಲ. ಬೆನ್ನುನೋವೇ ಇಲ್ಲದ 3110 ಜನರ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಬೆನ್ನೆಲುಬಿನ ಬಿಲ್ಲೆಗಳ ಸವೆತ ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 37ರಷ್ಟು, ಎಂಬತ್ತರವರಲ್ಲಿ ನೂರಕ್ಕೆ 96ರಷ್ಟು ಕಂಡುಬಂದಿತ್ತು. 'ಬಿಲ್ಲೆ ಸವೆದಿದೆ' ಎಂಬ ಚೀಟಿಯನ್ನು ಹಿಡಿದು ಕಂಗಾಲಾಗುವವರು ಈ ಅಂಕಿಗಳನ್ನು ತಿಳಿದಿರುವುದು ಒಳ್ಳೆಯದು.

ಹಾಗಾದರೆ ವ್ಯಾಯಾಮದಿಂದ ನೋವು ಇಳಿಯುವುದು ಹೇಗೆ? ಸ್ನಾಯು ಬಲಿತು, ಕೀಲು ಸರಿಹೋಗಿ ನೋವು ಹೋಯಿತೆಂಬ ವಿವರಣೆ ಪೂರ್ತಿ ಸುಳ್ಳಲ್ಲ. ಆದರೆ ಎಷ್ಟೋ ಸಲ ಸ್ನಾಯು ಬಲಿಯುವುದಕ್ಕೆ ಮುಂಚೆಯೇ ನೋವು ತಗ್ಗಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಶಕ್ತಿಯೂ ಬಹುಪಾಲು ನರಗಳದು, ಮಾಂಸದ್ದಲ್ಲ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ 1894ರಷ್ಟು ಹಿಂದೆಯೇ ಒಂದು ಕೈಗೆ ಕೊಟ್ಟ ಅಭ್ಯಾಸದಿಂದ ಇನ್ನೊಂದು ಕೈಯ ಬಲವೂ ಹೆಚ್ಚುವುದನ್ನು ತೋರಿಸಿದ್ದರು. ಒಂದು ಕಾಲು ಕಟ್ಟಿನಲ್ಲಿದ್ದಾಗ ಇನ್ನೊಂದಕ್ಕೆ ವ್ಯಾಯಾಮ ಕೊಡುವ ಪದ್ಧತಿಗೆ ಇದೇ ಆಧಾರ. ಮೈ ಸಡಿಲಿಸುವ ಅಭ್ಯಾಸಗಳ ವಿಷಯವೂ ಹೀಗೆಯೇ. ಕೆಲವು ವಾರ ತೊಡೆಯ ಹಿಂಭಾಗವನ್ನು ಎಳೆದು ಅಭ್ಯಾಸ ಮಾಡಿದವನು ಹೆಚ್ಚು ಬಗ್ಗಬಲ್ಲನು. ಸ್ನಾಯು ಉದ್ದವಾದದ್ದಕ್ಕಿಂತ ಆ ಸೆಳೆತವನ್ನು ನರಮಂಡಲ ಸಹಿಸಲು ಕಲಿತದ್ದು ಇದಕ್ಕೆ ಮುಖ್ಯ ಕಾರಣ. ಆಸ್ಟ್ರೇಲಿಯದ ಲೋರಿಮರ್ ಮೋಸ್ಲಿ 2004ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಇನ್ನೂ ವಿಚಿತ್ರ. ಬಹುಕಾಲದ ಬೆನ್ನುನೋವಿನವರಿಗೆ ನೋವಿನ ಕಾರ್ಯವಿಧಾನವನ್ನು ಪಾಠದಂತೆ ವಿವರಿಸಿದ ಮಾತ್ರಕ್ಕೆ ಅವರು ಮೊದಲಿಗಿಂತ ಹೆಚ್ಚು ಬಗ್ಗಿದರು. ಪಾಠ ಯಾವ ಸ್ನಾಯುವನ್ನೂ ಮುಟ್ಟಿರಲಿಲ್ಲ.

ಆದಕಾರಣ ಬಲ್ಲ ಶಿಕ್ಷಕನು ವ್ಯಾಯಾಮವನ್ನು ನರಮಂಡಲಕ್ಕೆ ಕೊಡುವ ಸಾಕ್ಷ್ಯವೆಂದು ಭಾವಿಸುತ್ತಾನೆ. ನಿಂತು ಮುಂದಕ್ಕೆ ಬಗ್ಗಲು ಅಂಜುವವನನ್ನು ಅಂಗಾತ ಮಲಗಿಸಿ ಮಂಡಿಗಳನ್ನು ಎದೆಗೆ ತಂದುಕೊಳ್ಳಲು ಹೇಳಿದರೆ ಅನೇಕ ಸಲ ನೋವಿಲ್ಲದೆ ಮಾಡುತ್ತಾನೆ. ಸೊಂಟದ ಮಟ್ಟಿಗೆ ಎರಡೂ ಬಾಗುವಿಕೆಯೇ. ಅಪಾಯವೆಂದು ಗುರುತು ಬಿದ್ದದ್ದು ಬಾಗುವುದಕ್ಕಲ್ಲ, 'ನಿಂತು ಬಗ್ಗುವೆ' ಎಂಬ ಸಂದರ್ಭಕ್ಕೆ. ಅಲ್ಲಿಂದ ಮಂಡಿಯೂರಿ, ಅನಂತರ ಕುರ್ಚಿಯಲ್ಲಿ ಕುಳಿತು, ಅನಂತರ ಮೇಜಿಗೆ ಕೈಯೂರಿ, ಕೊನೆಗೆ ನೆಲದಿಂದ ಹಗುರವಾದ ತೂಕವನ್ನೆತ್ತಿ, ವಾರಗಳ ಮೇಲೆ ವಾರಗಳಾಗಿ ಮೆಟ್ಟಿಲೇರಿಸಬೇಕು. ಅಭ್ಯಾಸದ ವೇಳೆ ಅಲ್ಪಸ್ವಲ್ಪ ನೋವು ಬಂದು ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ; ಏರಿ ನಿಂತರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಗರಡಿಮನೆಗಳಲ್ಲಿ ದಂಡ ಬಸ್ಕಿಗಳ ಎಣಿಕೆಯನ್ನು ದಿನದಿನಕ್ಕೆ ಏರಿಸುತ್ತಿದ್ದುದೂ ಇದೇ ಜಾಣ್ಮೆ. ಕಾರಣವನ್ನು ಹೇಳುವ ಪದ್ಧತಿ ಮಾತ್ರ ಅಲ್ಲಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವನ್ನು ಕುರಿತು ಹೊರಡಿಸಿದ ಸೂಚನೆಗಳಲ್ಲಿ ತಿಳಿವಳಿಕೆ ಮತ್ತು ವ್ಯಾಯಾಮ ಎರಡೂ ಸೇರಿವೆ.

ಇಷ್ಟು ಹೇಳಿದ ಮೇಲೆ ಈ ಶಾಸ್ತ್ರದ ಹೆಸರಿನಲ್ಲಿ ನಡೆಯುವ ವ್ಯಾಪಾರದ ಮಾತನ್ನೂ ಹೇಳಲೇಬೇಕು. 'ಮಿದುಳಿನ ತರಬೇತಿ' ಎಂಬ ಫಲಕದಡಿ ಕಣ್ಣುಗುಡ್ಡೆ ತಿರುಗಿಸುವ ಅಭ್ಯಾಸದಿಂದ ಭುಜದ ನೋವನ್ನು ಕ್ಷಣದಲ್ಲಿ ಕಳೆಯುವೆವೆನ್ನುವ ಶಿಕ್ಷಕರು ಹೆಚ್ಚುತ್ತಿದ್ದಾರೆ. ಕಣ್ಣು ಮತ್ತು ತಲೆಯ ಚಲನೆಗಳಿಗೆ ನಿಜವಾದ ಉಪಯೋಗವೊಂದುಂಟು. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಒಳಕಿವಿಯ ದೋಷದಿಂದ ತಲೆಸುತ್ತುವವರಿಗಾಗಿ ಇಂಥ ಅಭ್ಯಾಸಗಳನ್ನು ರೂಪಿಸಿದರು. ಅವು ಇಂದಿಗೂ ಬಳಕೆಯಲ್ಲಿವೆ. ಮದರಾಸಿನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಓದಿದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಇಲ್ಲದ ಕೈಯ ನೋವಿಗೆ ಇರುವ ಕೈಯ ಪ್ರತಿಬಿಂಬವನ್ನು ಕನ್ನಡಿಯಲ್ಲಿ ತೋರಿಸಿದ ಉಪಾಯವೂ ಪ್ರಸಿದ್ಧ. ಆದರೆ ತಲೆಸುತ್ತಿಗೆ ಒದಗಿದ್ದು ಭುಜಕ್ಕೂ ಒದಗುತ್ತದೆಂದು ಊಹಿಸುವುದು ಬೇರೆ, ತೋರಿಸಿಕೊಡುವುದು ಬೇರೆ. ಒಂದು ಗಳಿಗೆ ನೋವು ತಗ್ಗುವುದಕ್ಕೆ ಹೊಸ ಚಲನೆಯ ಕುತೂಹಲ, ಶಿಕ್ಷಕನ ಭರವಸೆ, ಇವೂ ಸಾಕು. ಇನ್ನು, ನೋವು ಮಿದುಳಿನ ತೀರ್ಪೆಂಬ ಮಾತನ್ನು ನೋವೇ ಸುಳ್ಳೆಂದು ತಿರುಚುವುದು ಅಜ್ಞಾನದ ಜೊತೆಗೆ ಕ್ರೌರ್ಯವೂ ಹೌದು.

ನರಮಂಡಲದ ಅತಿಎಚ್ಚರವೆಂದು ತಳ್ಳಿಹಾಕಬಾರದ ನೋವುಗಳೂ ಇವೆ. ಬೆನ್ನುನೋವಿನೊಂದಿಗೆ ಮಲಮೂತ್ರಗಳ ಹತೋಟಿ ತಪ್ಪುವುದು, ತೊಡೆಸಂದು ಮರಗಟ್ಟುವುದು, ಕಾಲಿನ ಬಲ ಕುಂದುತ್ತ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಹುಟ್ಟಿದ ತೀವ್ರ ನೋವು, ಹಿಂದೆ ಅರ್ಬುದರೋಗವಿದ್ದವರ ಹೊಸ ನೋವು—ಇಂಥವು ಕಂಡಾಗ ವ್ಯಾಯಾಮಶಾಲೆಗೆ ಹೋಗದೆ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಮೊದಲ ಎರಡರಲ್ಲಿ ಗಂಟೆಗಳ ವಿಳಂಬವೂ ಶಾಶ್ವತವಾದ ಊನಕ್ಕೆ ಕಾರಣವಾಗಬಹುದು.