‘ಸಮಯ’ ಶಬ್ದವೂ ಕರ್ಣಾಟಕದ ಮತೇತಿಹಾಸವೂ

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗ ಎಂದು ಮತಾನುಸಾರವಾಗಿ ವಿಭಾಗಿಸುವ ಪದ್ಧತಿಯು ಬಹುಕಾಲದಿಂದ ರೂಢಿಯಲ್ಲಿರುವುದು. ಪ್ರಾಚೀನ ಕವಿಗಳಲ್ಲಿ ಬಹುಮಂದಿ ತಮ್ಮ ತಮ್ಮ ಮತದ ಪುರಾಣಗಳನ್ನೂ ಮಹಾಪುರುಷರ ಚರಿತ್ರೆಗಳನ್ನೂ ಕಾವ್ಯವಸ್ತುವನ್ನಾಗಿ ಸ್ವೀಕರಿಸಿದುದರಿಂದ ಈ ವಿಭಾಗಕ್ಕೆ ಆಧಾರವೇ ಇಲ್ಲವೆಂದು ಹೇಳಲಾಗದು. ಆದರೆ ಇದನ್ನು ಅಭ್ಯಸಿಸುವ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ತಪ್ಪುಭಾವನೆಯು ಬೇರೂರುವುದುಂಟು. ಒಂದು ಮತವು ಮತ್ತೊಂದನ್ನು ವಾದದಿಂದಲೋ ಬಲದಿಂದಲೋ ಗೆದ್ದು ಅದರ ಸ್ಥಾನವನ್ನು ಆಕ್ರಮಿಸಿತು, ಸೋತವರು ಮರೆಯಾದರು, ನಾಡಿನ ಜನರು ಶತಮಾನಗಳ ಕಾಲ ಪರಸ್ಪರ ದ್ವೇಷದಲ್ಲಿಯೇ ಬಾಳಿದರು ಎಂಬುದೇ ಆ ಭಾವನೆ. ಇದನ್ನು ನಿರಾಕರಿಸಹೊರಟವರು ಒಂದೆರಡು ಶಾಸನಗಳನ್ನು ಎತ್ತಿ ತೋರಿಸಿ, ಹಿಂದಿನ ಕಾಲದಲ್ಲಿ ಮತಕಲಹವೆಂಬುದೇ ಇರಲಿಲ್ಲವೆಂದು ಸಾಧಿಸುವರು. ಈ ಎರಡು ಪಕ್ಷಗಳೂ ಏಕದೇಶೀಯವಾದುವು. ಹಿಂದಿನವರು ಮತವೆಂಬರ್ಥದಲ್ಲಿ ಬಳಸುತ್ತಿದ್ದ ‘ಸಮಯ’ವೆಂಬ ಶಬ್ದವನ್ನು ವಿಚಾರಿಸಿದರೆ ಈ ವಿಷಯದಲ್ಲಿ ಸ್ವಲ್ಪ ಬೆಳಕು ದೊರೆಯುವುದು.

‘ಸಮ್’ ಎಂಬ ಉಪಸರ್ಗದೊಡನೆ ಗತ್ಯರ್ಥಕವಾದ ‘ಇಣ್’ ಧಾತುವು ಸೇರಿ ಈ ಶಬ್ದವು ನಿಷ್ಪನ್ನವಾಗಿದೆ. ಕೂಡಿಬರುವುದು, ಒಂದೆಡೆ ಸೇರುವುದು ಎಂಬುದು ಇದರ ಅವಯವಾರ್ಥ. ಅಮರಸಿಂಹನು ಇದಕ್ಕೆ ಶಪಥ, ಆಚಾರ, ಕಾಲ, ಸಿದ್ಧಾಂತ, ಸಂವಿತ್ ಎಂದು ಐದು ಅರ್ಥಗಳನ್ನು ಹೇಳಿರುವನು. ಇವುಗಳಲ್ಲಿ ಕಾಲವೆಂಬರ್ಥವೊಂದೇ ಇಂದಿನ ವ್ಯವಹಾರದಲ್ಲಿ ಹೆಚ್ಚಾಗಿ ಉಳಿದಿದೆ. ಪ್ರಕೃತಕ್ಕೆ ಮುಖ್ಯವಾದುವು ಕಡೆಯ ಎರಡು. ಸಿದ್ಧಾಂತವೆಂದರೆ ಒಂದು ದರ್ಶನದವರು ಪ್ರಮಾಣಪೂರ್ವಕವಾಗಿ ಸ್ಥಾಪಿಸಿದ ತತ್ತ್ವ; ಸಂವಿತ್ತೆಂದರೆ ಹಲವರು ಕೂಡಿ ಮಾಡಿಕೊಂಡ ಒಡಂಬಡಿಕೆ.

ಎರಡನೆಯ ಅರ್ಥವು ಧರ್ಮಶಾಸ್ತ್ರದಲ್ಲಿ ಪ್ರಸಿದ್ಧವಾದುದು. ವ್ಯವಹಾರಪದಗಳಲ್ಲಿ ‘ಸಮಯಸ್ಯಾನಪಾಕರ್ಮ’ವೆಂಬುದನ್ನು ನಿರೂಪಿಸುವಾಗ ನಾರದನು, ಪಾಷಂಡರು, ನೈಗಮರು ಮೊದಲಾದವರ ಕಟ್ಟುಪಾಡಿಗೆ ಸಮಯವೆಂದು ಹೆಸರೆಂದು ಹೇಳಿ, ಅದನ್ನು ಕಾಪಾಡುವುದು ರಾಜನ ಕರ್ತವ್ಯವೆಂದು ವಿಧಿಸುವನು. ಯಾಜ್ಞವಲ್ಕ್ಯನೂ ಶ್ರೇಣಿ, ನೈಗಮ, ಪಾಷಂಡಿ ಮತ್ತು ಗಣಗಳ ಭೇದವನ್ನೂ ಪೂರ್ವದ ನಡವಳಿಕೆಯನ್ನೂ ರಾಜನು ರಕ್ಷಿಸಬೇಕೆನ್ನುವನು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು; ಅವನು ಪಾಷಂಡಿಗಳೆಂದರೆ ವೇದಪ್ರಾಮಾಣ್ಯವನ್ನು ಒಪ್ಪದವರೆಂದು ಅರ್ಥ ಹೇಳಿದನು. ವೇದವನ್ನು ಪ್ರಮಾಣವೆಂದು ನಂಬಿದ ಶಾಸ್ತ್ರಕಾರರೇ ವೇದಬಾಹ್ಯರ ಕಟ್ಟುಪಾಡನ್ನು ರಾಜನು ಕಾಯಬೇಕೆಂದು ವಿಧಿಸಿದುದು ಗಮನಾರ್ಹವಾದುದು. ಇಲ್ಲಿ ಆ ಕಟ್ಟುಪಾಡಿನ ತತ್ತ್ವವು ಸತ್ಯವೋ ಅಸತ್ಯವೋ ಎಂಬ ವಿಚಾರಕ್ಕೆ ಅವಕಾಶವೇ ಇಲ್ಲ.

ಕಾವ್ಯಗಳಲ್ಲಿ ಸಮಯಶಬ್ದವು ಬಹುಮಟ್ಟಿಗೆ ಸಿದ್ಧಾಂತಾರ್ಥದಲ್ಲಿಯೇ ಬರುವುದು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಪರಮತಗಳ ದೇವತೆಗಳನ್ನೂ ಆಚಾರಗಳನ್ನೂ ಹಳಿದು ಜೈನಸಮಯವೇ ಶ್ರೇಷ್ಠವೆಂದು ಸಾರಿದನು. ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನು ಅಮಿತಗತಿಯ ಸಂಸ್ಕೃತ ಗ್ರಂಥವನ್ನನುಸರಿಸಿ ‘ಧರ್ಮಪರೀಕ್ಷೆ’ಯನ್ನು ರಚಿಸಿ, ಪುರಾಣಕಥೆಗಳ ಅಸಂಗತಿಯನ್ನು ಹಾಸ್ಯದಿಂದ ಬಯಲುಗೊಳಿಸಿದನು. ವೀರಶೈವ ಪುರಾಣಗಳಲ್ಲಿಯೂ ಪರವಾದಿಗಳ ಸೋಲು ಸಾಮಾನ್ಯವಾದ ಪ್ರಸಂಗ. ಇಂತಹ ಗ್ರಂಥಗಳಿಗೆ ಪ್ರಯೋಜನವು ಸ್ವಮತಸ್ಥರ ಶ್ರದ್ಧೆಯನ್ನು ದೃಢಪಡಿಸುವುದು. ಆದುದರಿಂದ ಪರಮತವು ಇವುಗಳಲ್ಲಿ ಪೂರ್ವಪಕ್ಷವಾಗಿಯೇ ಬರಬೇಕು, ಪೂರ್ವಪಕ್ಷವು ಸೋಲಲೇಬೇಕು.

ಸಮಯಶಬ್ದಕ್ಕೆ ಅಲಂಕಾರಶಾಸ್ತ್ರದಲ್ಲಿ ಮತ್ತೊಂದು ಪ್ರಯೋಗವುಂಟು. ಶಾಸ್ತ್ರದಲ್ಲಿಯೂ ಲೋಕದಲ್ಲಿಯೂ ಕಾಣದಿದ್ದರೂ ಕವಿಗಳು ಪರಂಪರೆಯಿಂದ ನಿಬಂಧಿಸುವ ಅರ್ಥಕ್ಕೆ ಕವಿಸಮಯವೆಂದು ‘ಕಾವ್ಯಮೀಮಾಂಸೆ’ಯಲ್ಲಿ ರಾಜಶೇಖರನು ಹೆಸರಿಟ್ಟನು. ಚಕೋರವು ಬೆಳುದಿಂಗಳನ್ನು ಕುಡಿಯುವುದೆಂಬ ವರ್ಣನೆಯನ್ನೋದಿ ಯಾರೂ ಪಕ್ಷಿಶಾಸ್ತ್ರವನ್ನು ಬರೆಯುವುದಿಲ್ಲ. ಆಚಾರ್ಯನೊಬ್ಬನನ್ನು ಪರವಾದಿಗಳೆಂಬ ಆನೆಗಳಿಗೆ ಸಿಂಹವೆಂದು ಹೊಗಳುವುದೂ ಬಹುಮಟ್ಟಿಗೆ ಇದೇ ಜಾತಿಯ ರೂಢಿ. ವಾದೀಭಸಿಂಹನೆಂಬುದು ಜೈನಾಚಾರ್ಯರಲ್ಲಿ ಹೆಸರಾಗಿಯೇ ನಿಂತಿತು. ಇಂತಹ ಮಾತುಗಳಿಂದ ನೇರವಾಗಿ ಸಮಾಜದ ಸ್ಥಿತಿಯನ್ನು ಊಹಿಸಹೊರಡುವುದು ಸಾಹಸವೇ ಸರಿ.

ಹಾಗೆಂದು ಮತಕಲಹವೆಲ್ಲವೂ ಕವಿಗಳ ಕಲ್ಪನೆಯೆಂದು ತಳ್ಳಿಹಾಕಲಾಗದು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು ೧೨೦೦ರ ಶಾಸನವೊಂದಿದೆ. ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು, ತನ್ನ ಶಿರಸ್ಸನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆದನೆಂದೂ, ಪಣದಂತೆ ಜಿನಬಿಂಬವನ್ನು ಕಿತ್ತುಹಾಕಿದನೆಂದೂ, ಜೈನರು ಬಿಜ್ಜಳರಾಯನಲ್ಲಿ ದೂರಲಾಗಿ ಅವನು ವಿಚಾರಿಸಿ ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನೆಂದೂ ಅದು ಹೇಳುವುದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಈ ಕಥೆಯಿದೆ. ಪವಾಡದ ಮಾತು ಹಾಗಿರಲಿ. ಬಸದಿಯೊಂದು ಕೆಟ್ಟುದೂ ಅಲ್ಲಿನ ಜೈನರು ಅರಸನಲ್ಲಿಗೆ ದೂರನ್ನೊಯ್ದುದೂ ಸಂಭಾವ್ಯವಾದ ಸಂಗತಿಗಳೇ. ಜಯಪತ್ರವೆಂಬುದು ಧರ್ಮಶಾಸ್ತ್ರದ ಪಾರಿಭಾಷಿಕ ಶಬ್ದ. ವ್ಯಾಜ್ಯದಲ್ಲಿ ಗೆದ್ದವನಿಗೆ ಕೊಡುವ ನಿರ್ಣಯಪತ್ರವದು. ಅಂದರೆ ಶಾಸನದ ಪ್ರಕಾರ ಬಿಜ್ಜಳನು ಸಮಯವನ್ನು ಸಿದ್ಧಾಂತವೆಂದು ತಿಳಿದು, ಇಬ್ಬರಲ್ಲಿ ಒಬ್ಬರನ್ನು ಗೆದ್ದವರೆಂದು ತೀರ್ಮಾನಿಸಿದನು.

ಇದಾದ ಸುಮಾರು ಎರಡು ಶತಮಾನಗಳ ಮೇಲೆ ಇಂತಹುದೇ ದೂರು ಮತ್ತೊಬ್ಬ ಅರಸನ ಮುಂದೆ ಬಂದಿತು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಶಕ ೧೨೯೦ನೆಯ (ಕ್ರಿ. ಶ. ೧೩೬೮) ಕೀಲಕ ಸಂವತ್ಸರದ ಶಾಸನವು ಅದನ್ನು ತಿಳಿಸುವುದು. ವಿಜಯನಗರದ ಬುಕ್ಕರಾಯನ ಆಳ್ವಿಕೆಯಲ್ಲಿ ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು ಭಕ್ತರು ಮಾಡುವ ಅನ್ಯಾಯಗಳನ್ನು ಅರಸನಿಗೆ ಬಿನ್ನೈಸಿದರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಕರೆಯಿಸಿದನು. ಹಾಗೆ ಕೂಡಿದವರಲ್ಲಿ ತಿರುಕುಲದವರೂ ಜಾಂಬವಕುಲದವರೂ ಇದ್ದರೆಂದು ಶಾಸನವು ಎಣಿಸಿ ಹೇಳುವುದರಿಂದ, ಇದು ಆಚಾರ್ಯರ ನಡುವಿನ ಮಾತುಕತೆ ಮಾತ್ರವಾಗಿರದೆ ಸಮಾಜದ ಕೆಳಗಿನ ವರ್ಗಗಳವರೆಗೆ ವ್ಯಾಪಿಸಿದ ವಿಷಯವಾಗಿತ್ತೆಂದು ಸ್ಪಷ್ಟವಾಗುವುದು. ಅರಸನು ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು.

ಕೈಹಿಡಿಸಿದ ಈ ಚಿತ್ರವು ಮನೋಹರವಾದುದರಿಂದ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುವರು. ಶಾಸನದ ಸಾರವಾದರೋ ಮುಂದಿರುವುದು. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕುವು. ಭಕ್ತರ ದೆಸೆಯಿಂದ ಜೈನದರ್ಶನಕ್ಕಾಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಭಾವಿಸತಕ್ಕುದು. ರಾಜ್ಯದ ಎಲ್ಲ ಬಸದಿಗಳಲ್ಲಿಯೂ ಶ್ರೀವೈಷ್ಣವರೇ ಈ ಶಾಸನವನ್ನು ನೆಡಿಸತಕ್ಕುದು. ರಾಜ್ಯದ ಜೈನರು ತಮ್ಮ ಅನುಮತಿಯ ಮೇರೆಗೆ ಮನೆಯೊಂದಕ್ಕೆ ವರ್ಷಕ್ಕೆ ೧ ಹಣದಂತೆ ಕೊಡತಕ್ಕುದು. ಆ ಹೊನ್ನಿನಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ ೨೦ ಆಳುಗಳನ್ನು ನೇಮಿಸಿ, ಮಿಕ್ಕುದನ್ನು ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸುವುದಕ್ಕೆ ವಿನಿಯೋಗಿಸತಕ್ಕುದು. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಈ ಒಡಂಬಡಿಕೆಯ ಶಾಸನವಿರುವುದರಿಂದ, ಬೇರೆಡೆಗಳಲ್ಲಿ ನೆಡಿಸಬೇಕೆಂಬ ವಿಧಿಯು ಬರಿಯ ಮಾತಾಗಿ ಉಳಿಯಲಿಲ್ಲವೆಂದು ತಿಳಿಯುವುದು.

ಇಲ್ಲಿ ಆತ್ಮ, ಮೋಕ್ಷ, ಈಶ್ವರಾಸ್ತಿತ್ವ ಮೊದಲಾದ ಪ್ರಮೇಯಗಳ ವಿಚಾರವೇ ಬಂದಿಲ್ಲ. ಭೇದವಿಲ್ಲವೆಂಬ ಅರಸನ ಮಾತಿಗೆ ಎರಡು ದರ್ಶನಗಳ ತತ್ತ್ವವೂ ಒಂದೇ ಎಂದು ಅರ್ಥಮಾಡುವುದು ಸರಿಯಲ್ಲ. ಹಾಗೆ ಅರ್ಥಮಾಡಿದರೆ ಜೈನರ ವಾದ್ಯವನ್ನೂ ಕಲಶವನ್ನೂ ಪ್ರತ್ಯೇಕವಾಗಿ ರಕ್ಷಿಸುವ ಮುಂದಿನ ವಾಕ್ಯಗಳು ವ್ಯರ್ಥವಾಗುವುವು. ರಾಜರಕ್ಷಣೆಗೆ ಪಾತ್ರವಾಗುವುದರಲ್ಲಿ ಭೇದವಿಲ್ಲವೆಂಬುದೇ ಇಲ್ಲಿ ಗ್ರಾಹ್ಯವಾದ ಅರ್ಥ. ಪೂರ್ವಮರ್ಯಾದೆಯೆಂಬ ಮಾತಾದರೋ ಯಾಜ್ಞವಲ್ಕ್ಯನು ಪೂರ್ವದ ನಡವಳಿಕೆಯನ್ನು ಪಾಲಿಸಬೇಕೆಂದ ವಿಧಿಗೆ ಅತ್ಯಂತ ಸಮೀಪವಾಗಿದೆ. ಬಿಜ್ಜಳನು ಜಯಪತ್ರವನ್ನು ಕೊಟ್ಟನು. ಬುಕ್ಕನು ಬರೆಯಿಸಿದುದು ಸಂವಿತ್ಪತ್ರ.

ಈ ಶಾಸನದ ಮೊದಲಿಗೆ ಇರುವ ಸಂಸ್ಕೃತ ಶ್ಲೋಕವೊಂದು ವಿಶೇಷವಾಗಿ ವಿಚಾರಾರ್ಹವಾದುದು. ಅದು ರಾಮಾನುಜಾಚಾರ್ಯರ ಸ್ತುತಿ. ಅದರಲ್ಲಿ ಆಚಾರ್ಯರನ್ನು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ಹೊಗಳಿದೆ. ಪಾಷಂಡಶಬ್ದವು ವೇದಪ್ರಾಮಾಣ್ಯವನ್ನೊಪ್ಪದ ಜೈನರನ್ನೂ ಒಳಗೊಳ್ಳುವುದೆಂಬುದು ವಿದ್ವಾಂಸರಿಗೆ ತಿಳಿದುದೇ. ಹೀಗೆ ಒಂದೇ ಕಲ್ಲಿನಲ್ಲಿ, ಕೆಲವೇ ಪಂಕ್ತಿಗಳ ಅಂತರದಲ್ಲಿ, ಪಾಷಂಡರನ್ನು ಸುಡುವ ಬೆಂಕಿಯ ಸ್ತುತಿಯೂ ಅದೇ ಪಾಷಂಡರ ಗುಡಿಗೆ ೨೦ ಕಾವಲುಗಾರರನ್ನಿಡುವ ಏರ್ಪಾಡೂ ಒಟ್ಟಿಗಿವೆ. ಪದ್ಯವು ಸಿದ್ಧಾಂತದ ಭಾಷೆಯನ್ನಾಡುವುದು. ಗದ್ಯವು ಒಡಂಬಡಿಕೆಯ ಭಾಷೆಯನ್ನಾಡುವುದು. ಪದ್ಯವನ್ನು ಮಾತ್ರ ಓದಿದವನು ಆ ಕಾಲವನ್ನು ದ್ವೇಷಯುಗವೆಂದೂ, ಗದ್ಯವನ್ನು ಮಾತ್ರ ಓದಿದವನು ಮೈತ್ರಿಯುಗವೆಂದೂ ತಿಳಿದಾನು. ಆ ಕಲ್ಲನ್ನು ನಿಲ್ಲಿಸಿದವರಿಗೆ ಎರಡೂ ಬೇಕಾಗಿದ್ದುವು.

ಈ ಒಡಂಬಡಿಕೆಯು ಸಮಬಲರ ನಡುವಿನದಲ್ಲವೆಂಬುದನ್ನೂ ಮರೆಮಾಚಬಾರದು. ದೂರಿತ್ತವರು ಜೈನರು, ಹಣವನ್ನು ತೆತ್ತವರೂ ಜೈನರೇ. ಅನ್ಯಾಯವಾಯಿತೆಂದು ಬಿನ್ನೈಸಿದವರೇ ತಮ್ಮ ರಕ್ಷಣೆಯ ವೆಚ್ಚವನ್ನು ಮನೆಮನೆಗೆ ಹಂಚಿಕೊಳ್ಳಬೇಕಾಯಿತು. ಆ ಹಣದ ವಿನಿಯೋಗವು ಪ್ರತಿಪಕ್ಷದ ಆಚಾರ್ಯರ ಕೈಯಲ್ಲಿದ್ದಿತು. ಕಟ್ಟಳೆಯನ್ನು ಕೆಡಿಸಿದವರಿಗೆ ಹೇಳಿರುವ ಪಾಪವೂ ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪ. ಶಾಪೋಕ್ತಿಯು ಶಾಸನಗಳಲ್ಲಿ ಸಾಮಾನ್ಯವಾದುದಾದರೂ, ಯಾರ ಮನಸ್ಸಿನಲ್ಲಿ ಭಯ ಹುಟ್ಟಿಸಬೇಕಾಗಿತ್ತೆಂಬುದನ್ನು ಅದು ತೋರಿಸುವುದು. ಸಾಮರಸ್ಯವೆಂಬ ಒಂದು ಮಾತಿನಿಂದ ಇದೆಲ್ಲವನ್ನೂ ಮುಚ್ಚಿದರೆ ಜೈನರ ದೂರನ್ನು ಎರಡನೆಯ ಸಲ ಅಳಿಸಿದಂತಾಗುವುದು.

ಆದರೂ ಫಲವು ಅಲ್ಪವಾದುದಲ್ಲ. ೧೩೮೫ರಲ್ಲಿ ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು ರಾಜಧಾನಿಯಾದ ವಿಜಯನಗರದಲ್ಲಿಯೇ ಕುಂಥುಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದನು. ‘ನಾನಾರ್ಥರತ್ನಮಾಲೆ’ಯೆಂಬ ಸಂಸ್ಕೃತನಿಘಂಟು ಈ ಜೈನಮಂತ್ರಿಯ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಅದೇ ಅರಸನ ಕಾಲದಲ್ಲಿ ಮಧುರನು ಧರ್ಮನಾಥಪುರಾಣವನ್ನು ರಚಿಸಿದನು. ಬೆಳಗೊಳದ ಶಾಸನ ಹುಟ್ಟಿದ ಮರುವರ್ಷವೇ, ಎಂದರೆ ೧೩೬೯ರಲ್ಲಿ, ಭೀಮಕವಿಯು ಕನ್ನಡ ಬಸವಪುರಾಣವನ್ನು ಮುಗಿಸಿದನು. ವೃತ್ತವಿಲಾಸನೂ ಆ ಕಾಲಕ್ಕೆ ಸಮೀಪದವನೇ. ಒಂದು ತಲೆಮಾರಿನೊಳಗೆ ಇವರೆಲ್ಲರೂ ಬರೆದುದನ್ನು ನೋಡಿದರೆ, ಒಂದು ಯುಗ ಮುಗಿದ ಮೇಲೆ ಮತ್ತೊಂದು ಯುಗ ಮೊದಲಾಯಿತೆಂಬ ವಿಭಾಗವು ಪಾಠದ ಅನುಕೂಲಕ್ಕಾಗಿ ಮಾಡಿಕೊಂಡುದೆಂದು ವಿಶದವಾಗುವುದು.

ಇದು ಒಬ್ಬ ಅರಸನ ಔದಾರ್ಯದಿಂದ ಮಾತ್ರ ನಡೆದ ಕಾರ್ಯವಲ್ಲವೆಂಬುದಕ್ಕೆ ೧೬೩೮ರ ಹಳೇಬೀಡಿನ ಶಾಸನವು ಸಾಕ್ಷಿ. ಅಲ್ಲಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬುವನು ಲಿಂಗಮುದ್ರೆಯನ್ನೊತ್ತಿದನು. ವಿಜಯಪ್ಪನೆಂಬ ಜೈನನು ಅದನ್ನಳಿಸಿದನು. ವಿವಾದವು ವೀರಶೈವರ ಮಹಾಮಹತ್ತಿನ ಮುಂದೆ ಬಂದಿತು. ಜೈನರು ಮೊದಲು ವಿಭೂತಿವೀಳ್ಯಗಳನ್ನು ಸಲ್ಲಿಸಿ, ಅನಂತರ ತಮ್ಮ ಪೂಜಾದಿಗಳನ್ನು ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದೆಂದು ತೀರ್ಪಾಯಿತು. ಈ ಜೈನಧರ್ಮಕ್ಕೆ ಅಡ್ಡಿಪಡಿಸಿದ ವೀರಶೈವನು ಶಿವದ್ರೋಹಿಯೆಂದು ಮಹಾಮಹತ್ತಿನವರೇ ವಿಧಿಸಿದರು. ಇಲ್ಲಿಯೂ ಬಲಿಷ್ಠರಿಗೆ ಅಗ್ರಮರ್ಯಾದೆ ಸಂದಿತು, ದುರ್ಬಲರಿಗೆ ಗುಡಿ ಉಳಿಯಿತು, ಇತ್ಯರ್ಥವು ಬರವಣಿಗೆಗಿಳಿಯಿತು.

ಆದುದರಿಂದ ಸಾಹಿತ್ಯವನ್ನು ಬೋಧಿಸುವವರು ಸಮಯಪರೀಕ್ಷೆಯನ್ನೋ ಬಸವಪುರಾಣವನ್ನೋ ಪಾಠಹೇಳುವಾಗ ಅವುಗಳ ಜೊತೆಯಲ್ಲಿ ಈ ಶಾಸನಗಳನ್ನೂ ಓದಿಸುವುದು ಯುಕ್ತವೆಂದು ತೋರುವುದು. ಕಾವ್ಯದಿಂದ ಮತವು ತನ್ನನ್ನು ತಾನು ಹೇಗೆ ಭಾವಿಸಿಕೊಂಡಿತೆಂಬುದು ತಿಳಿಯುವುದು. ಅದು ನೆರೆಯವರೊಡನೆ ಹೇಗೆ ಬಾಳಿತೆಂಬುದು ಶಾಸನದಿಂದ ತಿಳಿಯುವುದು. ಬೆಳಗೊಳದ ಶಾಸನದ ಕಡೆಯಲ್ಲಿ ಸೇರಿಸಿರುವ ಕೆಲವು ಪಂಕ್ತಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಕಲ್ಲೇಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹಮಾಡಿ, ತಿರುಮಲೆಯ ತಾತಯ್ಯನವರನ್ನು ಬಿಜಯಂಗೈಸಿ ಕರೆತಂದು, ಜೀರ್ಣೋದ್ಧಾರವನ್ನು ಮಾಡಿಸಿದನೆಂದು ಅಲ್ಲಿ ಹೇಳಿದೆ. ಅದಕ್ಕಾಗಿ ಎರಡು ಸಮಯಗಳವರೂ ಕೂಡಿ ಅವನಿಗೆ ಸಂಘನಾಯಕಪಟ್ಟವನ್ನು ಕಟ್ಟಿದರು. ಅವರಲ್ಲಿ ಒಂದು ಪಕ್ಷದವರಾದರೂ ತಮ್ಮ ಸಿದ್ಧಾಂತವನ್ನು ಬಿಟ್ಟುಕೊಟ್ಟರೆಂದು ಆ ಕಲ್ಲು ಎಲ್ಲಿಯೂ ಹೇಳುವುದಿಲ್ಲ.