ಯಂತ್ರಕ್ಕೆ ಹೇಳಬೇಕಾದ ಬೆಳಗಿನ ಮಾತು

ಬೆಳ್ಳಂದೂರಿನ ಮಗಳ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಏಳನೇ ತರಗತಿಯ ಮೊಮ್ಮಗಳು ಅಂಗೈಯಗಲದ ಒಂದು ಕಂಪ್ಯೂಟರ್, ಬಣ್ಣಬಣ್ಣದ ತಂತಿಗಳು, ಉಕ್ಕಿನ ತುದಿಯ ಒಂದು ಸೆನ್ಸರ್ ಹರಡಿಕೊಂಡು ಮುಖ ಊದಿಸಿಕೊಂಡು ಕೂತಿದ್ದಳು. ಅಪಾರ್ಟ್‌ಮೆಂಟಿನ ಕಾಂಪೋಸ್ಟ್ ತೊಟ್ಟಿಯೊಳಗೆ ಎಷ್ಟು ಬಿಸಿ ಇರುತ್ತದೆ ಎಂದು ಅಳೆಯುವುದು ಅವಳ ಶಾಲೆಯ ಪ್ರಾಜೆಕ್ಟ್. ಮಾರನೆಯ ದಿನವೇ ಒಪ್ಪಿಸಬೇಕು.

“ತಾತಾ, ಸೆನ್ಸರ್ ಕೆಟ್ಟಿದೆ. ಕಂಪ್ಯೂಟರಿಗೆ ಅದು ಕಾಣಿಸ್ತಾನೇ ಇಲ್ಲ. ಎಸೆದುಬಿಡ್ತೀನಿ” ಎಂದಳು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಸೆನ್ಸರ್ ನನಗೇನು ಗೊತ್ತು? ಆದರೆ “ಕೆಟ್ಟಿದೆ” ಎಂಬ ಮಾತು ಕಿವಿಗೆ ಬಿದ್ದೊಡನೆ ಸುಮಾರು ಮೂವತ್ತು ವರ್ಷ ಹಿಂದಿನ ಒಂದು ಬೆಳಗ್ಗೆ ಕಣ್ಣೆದುರು ಬಂತು.

ಬ್ಯಾಂಕುಗಳಲ್ಲಿ ಯಂತ್ರಗಳನ್ನು ತರಬೇಕೆಂದು ಸಿ. ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ಸಣ್ಣ ಊರಿನ ನಮ್ಮ ಶಾಖೆಗೆ ಕಂಪ್ಯೂಟರ್ ಬರುವ ಹೊತ್ತಿಗೆ 1990ರ ದಶಕ. ಜೊತೆಗೆ ಪಾಸ್‌ಬುಕ್ ಅಚ್ಚು ಹಾಕುವ ಪ್ರಿಂಟರೂ ಬಂತು. ಹದಿನೈದು ದಿನದ ತರಬೇತಿ ಮುಗಿಸಿದ್ದ ನನಗೆ ಎಲ್ಲ ತಿಳಿದಂತೆ ಅನ್ನಿಸಿತ್ತು. ಲೆಡ್ಜರಿನಲ್ಲಿ ಒಂದು ಚಿತ್ತು ಇರಬಾರದು ಎನ್ನುವ ಸ್ವಭಾವ ಬೇರೆ. ಒಂದು ಸಂಜೆ ‘ಆಟೋಎಕ್ಸೆಕ್’ ಎಂಬ ಕಡತ ತೆರೆದು ನೋಡಿದೆ. ‘ಮೋಡ್ ಕಾಮ್1: 9600, ಎನ್, 8, 1’ ಎಂಬ ಅರ್ಥವಾಗದ ಸಾಲೊಂದು ಕಾಣಿಸಿತು. ಬೇಡದ ಸಾಲು ಎಂದುಕೊಂಡು ಅಳಿಸಿಬಿಟ್ಟೆ. ಪ್ರಿಂಟರ್ ಏನೂ ಆಗದಂತೆ ಕೆಲಸ ಮಾಡಿತು. ನಾನೂ ಮರೆತೆ.

ಮಾರನೆಯ ದಿನ ಪಿಂಚಣಿ ದಿನ. ಬೆಳಗ್ಗೆ ಕಂಪ್ಯೂಟರ್ ಹಾಕಿದೆವು. ಮೊದಲ ಪಾಸ್‌ಬುಕ್ಕಿನಲ್ಲೇ ಅಂಕಿಗಳ ಬದಲು ಚುಕ್ಕೆ, ಗೀಟು, ಎಂಥದೋ ಚಿಹ್ನೆ! ಸಾಲಿನಲ್ಲಿ ನಿಂತಿದ್ದ ವಯಸ್ಸಾದ ತಾಯಿಯೊಬ್ಬರು ಹಳ್ಳಿಯಿಂದ ನಡೆದು ಬಂದಿದ್ದರು. ಪುಸ್ತಕದಲ್ಲಿ ಹಣ ಏರಿದ್ದನ್ನು ಕಣ್ಣಾರೆ ನೋಡದೆ ಅವರಿಗೆ ಸಮಾಧಾನವಿಲ್ಲ. “ಯಾಕೆ ಸ್ವಾಮಿ, ನನ್ನ ದುಡ್ಡು ಬಂದಿಲ್ಲವಾ?” ಎಂದು ಕೇಳಿದರು. “ಬಂದಿದೆಯಮ್ಮ, ಯಂತ್ರ ಕೆಟ್ಟಿದೆ” ಎಂದೆ. ಅವರು ನಂಬದ ಮುಖದಲ್ಲೇ ಹೊರಟುಹೋದರು.

ಮರುದಿನ ಬಂದ ಎಂಜಿನಿಯರ್ ಆ ಒಂದೇ ಸಾಲನ್ನು ಮತ್ತೆ ಬರೆದು ಕಂಪ್ಯೂಟರ್ ಆರಿಸಿ ಹಾಕಿದರು. ಪ್ರಿಂಟರ್ ಸರಿಯಾಯಿತು. “ಇದನ್ನು ಯಾರು ಅಳಿಸಿದ್ದು?” ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ.

ಮಕ್ಕಳೇ, ಆ ಸಾಲಿನ ಗುಟ್ಟು ಇಷ್ಟೇ. ಕಂಪ್ಯೂಟರಿಗೆ ಜೋಡಿಸಿದ ಪ್ರತಿಯೊಂದು ಸಾಧನದ ಜೊತೆ ಮಾತನಾಡಲು ಒಬ್ಬ ದುಭಾಷಿ ಬೇಕು. ಆ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಯಾವ ವೇಗದಲ್ಲಿ ಮಾತನಾಡಬೇಕು, ಯಾವ ಬಾಗಿಲಲ್ಲಿ ನಿಲ್ಲಬೇಕು ಎಂದು ಈ ದುಭಾಷಿಗೆ ಮೊದಲೇ ಹೇಳಬೇಕು. ನಾನು ಅಳಿಸಿದ ಸಾಲು ಹೇಳುತ್ತಿದ್ದುದೂ ಅದನ್ನೇ: ಕಾಮ್1 ಎಂಬ ಬಾಗಿಲಿನಲ್ಲಿ ಸೆಕೆಂಡಿಗೆ 9600 ಬಿಟ್ ಕಳಿಸು; ತಾಳೆ ನೋಡುವ ಬಿಟ್ ಬೇಡ; ಒಂದು ಅಕ್ಷರಕ್ಕೆ 8 ಬಿಟ್; ಕೊನೆಗೆ ಮುಗಿಯಿತು ಎನ್ನಲು 1 ಬಿಟ್. ಶುರುವಿನ ಗುರುತಿಗೆ ಇನ್ನೊಂದು ಸೇರಿ ಅಕ್ಷರಕ್ಕೆ ಹತ್ತು ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ. ಕಂಪ್ಯೂಟರ್ ಒಂದು ವೇಗದಲ್ಲಿ ಹೇಳಿ, ಪ್ರಿಂಟರ್ ಇನ್ನೊಂದು ವೇಗದಲ್ಲಿ ಕೇಳಿದರೆ ಕಿವುಡರ ಸಂತೆ.

ಅಳಿಸಿದ ದಿನವೇ ಯಾಕೆ ತೊಂದರೆಯಾಗಲಿಲ್ಲ? ಬ್ಯಾಂಕಿನ ಬಾಗಿಲು ತೆರೆಯುವ ಮುನ್ನ ಮ್ಯಾನೇಜರು “ಇವತ್ತು ನೀವು 3ನೇ ಕೌಂಟರ್” ಎಂದು ಹೇಳುತ್ತಿದ್ದರು. ಆಮೇಲೆ ಗೋಡೆಯ ಮೇಲಿನ ಪಟ್ಟಿ ಹರಿದರೂ ನಾವು ಕೂತ ಜಾಗ ಬಿಡುತ್ತಿರಲಿಲ್ಲ. ಕಂಪ್ಯೂಟರೂ ಹಾಗೆಯೇ. ಇಂಥ ಸಾಲುಗಳನ್ನು ಅದು ಏಳುವಾಗ ಒಮ್ಮೆ ಓದಿಕೊಳ್ಳುತ್ತದೆ. ಮತ್ತೆ ಓದುವುದು ಮತ್ತೆ ಎದ್ದಾಗಲೇ.

ಈಗಿನ ಯುಎಸ್‌ಬಿ ಸಾಧನಗಳು ಚುಚ್ಚಿದ ಕೂಡಲೇ ತಮ್ಮ ಹೆಸರು ಕುಲಗೋತ್ರ ತಾವೇ ಹೇಳಿಕೊಳ್ಳುತ್ತವೆ. ಹಾಗಾಗಿ ನಮಗೆ ಈ ಕೆಲಸ ಕಾಣುವುದಿಲ್ಲ. ಆದರೆ ಅದು ತಪ್ಪಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಇಂದಿಗೂ ಏಳುವಾಗ ಒಂದು ಸಾಲಿನ ಸೂಚನೆ ಓದಿಕೊಂಡೇ ಏಳುತ್ತದೆ. ಚಿತ್ರದ ಡ್ರೈವರ್ ಹಟ ಹಿಡಿದು ಪರದೆ ಕಪ್ಪಾದರೆ ಆ ಸಾಲಿಗೆ ‘ನೋಮೋಡ್‌ಸೆಟ್’ ಎಂಬ ಒಂದು ಪದ ಸೇರಿಸಿ ನೋಡುವುದುಂಟು. ಮೊಮ್ಮಗಳ ಪುಟ್ಟ ಕಂಪ್ಯೂಟರ್ ರಾಸ್ಬೆರಿ ಪೈ ಕೂಡ ಲಿನಕ್ಸಿನ ಮೇಲೆಯೇ ನಡೆಯುವಂಥದು. ಅದರ ಮೆಮೊರಿ ಕಾರ್ಡಿನಲ್ಲಿ ‘ಕಾನ್ಫಿಗ್’ ಎಂಬ ಕಡತವಿದೆ. ನನ್ನ ಹಳೆಯ ಆಟೋಎಕ್ಸೆಕ್ಕಿನ ಮೊಮ್ಮಗ ಎನ್ನಿ.

“ಸೆನ್ಸರ್ ಎಲ್ಲಿದೆ ಅಂತ ಅದಕ್ಕೆ ಹೇಳಿದ್ದೀಯಾ?” ಎಂದು ಕೇಳಿದೆ.

“ಹೇಳಿದ್ದೀನಿ ತಾತಾ. ಇಲ್ಲಿ ಸಾಲು ಇದೆಯಲ್ಲ.”

ಸೂಚನೆಯ ಹಾಳೆಯನ್ನು ಇಬ್ಬರೂ ಕೂತು ಓದಿದೆವು. ಸಾಲಿನಲ್ಲಿ ಪಿನ್ ಸಂಖ್ಯೆ ಬರೆಯದಿದ್ದರೆ ಕಂಪ್ಯೂಟರ್ 4ನೇ ಸಂಖ್ಯೆಯ ಪಿನ್ನಿನಲ್ಲೇ ಹುಡುಕುತ್ತದೆಯಂತೆ. ಇವಳು ತಂತಿ ಸಿಕ್ಕಿಸಿದ್ದು 17ಕ್ಕೆ! ಪಾಪ, ಅದು ಒಂದು ಮನೆಯ ಬಾಗಿಲು ಬಡಿಯುತ್ತಿತ್ತು, ಸೆನ್ಸರ್ ಇನ್ನೊಂದು ಮನೆಯಲ್ಲಿ ಕಾಯುತ್ತಿತ್ತು. ಸಾಲಿಗೆ 17 ಎಂದು ಸೇರಿಸಿದಳು. ಆದರೂ ಸದ್ದಿಲ್ಲ. “ನೋಡಿ, ಕೆಟ್ಟೇ ಇದೆ” ಎಂದು ಅಳುವುದೊಂದೇ ಬಾಕಿ.

“ಆರಿಸಿ ಮತ್ತೆ ಹಾಕಮ್ಮ. ಬೆಳಗಾಗದೆ ಅದು ಪಟ್ಟಿ ಓದುವುದಿಲ್ಲ” ಎಂದೆ.

ಹಾಕಿದಳು. ಎಲ್ಲವನ್ನೂ ಹೊತ್ತುಕೊಂಡು ಕೆಳಗಿನ ತೊಟ್ಟಿಗೆ ಹೋದೆವು. ಸೆನ್ಸರಿನ ತುದಿಯನ್ನು ಗೊಬ್ಬರದೊಳಗೆ ಇಳಿಸಿ ಸ್ವಲ್ಪ ಹೊತ್ತು ಕಾದೆವು. ಪರದೆಯ ಮೇಲೆ 48250 ಎಂದು ಬಂತು. ನನಗೆ ಯಾರದೋ ಠೇವಣಿಯ ಮೊತ್ತದಂತೆ ಕಂಡಿತು. “ಅಲ್ಲ ತಾತಾ, ಸಾವಿರದಿಂದ ಭಾಗಿಸಬೇಕು. 48.25 ಡಿಗ್ರಿ!” ಎಂದು ಕುಣಿದಳು.

ಅಂದಹಾಗೆ ಬೆಳ್ಳಂದೂರಿಗೆ ಕಂಪ್ಯೂಟರ್ ಹೊಸದಲ್ಲ. ನಗರಕ್ಕೆ ಸೇರುವ ಮೊದಲೇ, 1990ರ ದಶಕದ ಕೊನೆಗೇ, ಇಲ್ಲಿನ ಗ್ರಾಮ ಪಂಚಾಯಿತಿ ತನ್ನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ ಹೆಸರು ಮಾಡಿತ್ತು. ಅದೇ ದಶಕದಲ್ಲಿ ನಾನು ನನ್ನ ಶಾಖೆಯಲ್ಲಿ ಆ ಸಾಲು ಅಳಿಸಿ ಕೂತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳಿಗೆ ಆ ತಾಯಿಯ ಕಥೆಯನ್ನೂ ಹೇಳಿದೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ತಿಂಗಳು ಅವರು ಬಂದಾಗ ‘ಯಂತ್ರ ಕೆಟ್ಟಿರಲಿಲ್ಲ, ತಪ್ಪು ನನ್ನದು’ ಅಂತ ಹೇಳಿದ್ರಾ ತಾತಾ?” ಎಂದಳು.

“ಇಲ್ಲಮ್ಮ. ಪಾಸ್‌ಬುಕ್ಕಿನಲ್ಲಿ ಎರಡು ತಿಂಗಳದ್ದೂ ಅಚ್ಚು ಹಾಕಿ ಕೊಟ್ಟೆ. ಅಷ್ಟೇ.”

ಅವಳು ಎದ್ದು ಹೋಗಿ ಒಂದು ಚೀಟಿ ಬರೆದು ಕಂಪ್ಯೂಟರಿನ ಡಬ್ಬಿಗೆ ಅಂಟಿಸಿದಳು. ‘ಸೆನ್ಸರ್ 17ರಲ್ಲಿದೆ. ಸಾಲು ಬದಲಿಸಿದ್ದು ನಾನು’ ಎಂದು ಬರೆದು, ಕೆಳಗೆ ತಾರೀಖು ಹಾಕಿ, ರುಜು ಮಾಡಿದ್ದಳು.

ನೀವೂ ಯಾವುದೇ ಯಂತ್ರದ ಇಂಥ ಸಾಲು ಮುಟ್ಟುವ ಮುನ್ನ ಮೊದಲಿದ್ದದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬದಲಿಸಿದ್ದು ಯಾರು, ಯಾವತ್ತು ಎನ್ನುವುದನ್ನೂ ಬರೆಯಿರಿ. ನಾನು ಆ ಸಂಜೆ ಅಷ್ಟು ಮಾಡಿದ್ದರೆ ಆ ತಾಯಿ ಅನುಮಾನ ಹೊತ್ತುಕೊಂಡು ಹಳ್ಳಿಗೆ ನಡೆಯಬೇಕಿರಲಿಲ್ಲ.