ಹರಿಯುವ ಹಸಿರು ಕಲ್ಲು

ಶಾಲೆಯ ಪಠ್ಯಪುಸ್ತಕದಲ್ಲಿ ಭೂಮಿಯನ್ನು ಕಲ್ಲಂಗಡಿಯಂತೆ ಸೀಳಿ ತೋರಿಸುವ ಚಿತ್ರವೊಂದು ಇದ್ದೇ ಇರುತ್ತದೆ. ಮೇಲೆ ತೆಳ್ಳನೆಯ ಕಂದು ಸಿಪ್ಪೆ, ಕೆಳಗೆ ಕೆಂಪು ಬಳಿದ ಮ್ಯಾಂಟಲ್, ನಟ್ಟನಡುವೆ ಹಳದಿ ಕೇಂದ್ರಗೋಳ. ಆ ಕೆಂಪು ಬಣ್ಣ ಮಕ್ಕಳ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆಯನ್ನು ನೆಟ್ಟುಬಿಡುತ್ತದೆ. ದೊಡ್ಡವರಾದ ಮೇಲೂ ಅದನ್ನು ಕೀಳಲು ಆಗುವುದಿಲ್ಲ. ನಾವು ಕುದಿಯುವ ಲಾವಾರಸದ ಕಡಲ ಮೇಲೆ ತೆಪ್ಪದಂತೆ ತೇಲುತ್ತಿದ್ದೇವೆ, ಭೂಮಿಯ ಹೊರಚಿಪ್ಪಿನ ತುಂಡುಗಳಾದ ಭೂಫಲಕಗಳು ಸರಿಯುವುದೂ ಅದರಿಂದಲೇ ಎಂಬುದು ಆ ಕಲ್ಪನೆ. ವಿಜಯಪುರ, ಕಲಬುರಗಿ ಕಡೆ ನೆಲ ಸಣ್ಣಗೆ ನಡುಗಿದಾಗ ಭೂಮಿ ಬಾಯ್ಬಿಟ್ಟು ಬೆಂಕಿ ಉಗುಳುತ್ತದೆಂದು ಭವಿಷ್ಯ ಹೇಳಿ ಹೆದರಿಸುವವರಿಗೆ ಬಂಡವಾಳವೂ ಇದೇ. ಭಯದಲ್ಲಿರುವ ಜನರಿಗೆ ಹೀಗೆ ಸುಳ್ಳು ಹೇಳುವುದು ಅನ್ಯಾಯ. ಮ್ಯಾಂಟಲ್ ಗಟ್ಟಿ ಕಲ್ಲು. ಭೂಮಿಯ ಗಾತ್ರದಲ್ಲಿ ನೂರಕ್ಕೆ ಸುಮಾರು 84 ಪಾಲು ಅದೇ. ಅದರ ಮೇಲ್ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಖನಿಜ ಆಲಿವೀನ್. ತಣಿದ ಆಲಿವೀನಿನ ಬಣ್ಣ ಹಸಿರು. ಬಳ್ಳಾರಿಯಿಂದ ಬಹಳ ದೂರವೇನಲ್ಲದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ, ವಜ್ರಗಳನ್ನು ಮೇಲೆ ತಂದ ಶಿಲೆಗಳೊಳಗೆ ಮ್ಯಾಂಟಲ್ಲಿನ ತುಣುಕುಗಳೂ ಸಿಕ್ಕಿವೆ.

ಯಾರೂ ಇಳಿದು ನೋಡದ ಆಳದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ರಷ್ಯಾದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದ ರಂಧ್ರ ತಲುಪಿದ್ದು 12 ಕಿಲೋಮೀಟರಿಗಿಂತ ತುಸು ಹೆಚ್ಚು. ಭೂಮಿಯ ಕೇಂದ್ರವಿರುವುದು 6,371 ಕಿಲೋಮೀಟರ್ ಆಳದಲ್ಲಿ. ಒಳಗಿನ ಸುದ್ದಿಯನ್ನು ಹೊತ್ತು ತಂದದ್ದು ಭೂಕಂಪಗಳು. 1897ರ ಜೂನ್ 12ರಂದು ಅಸ್ಸಾಂ ನಡುಗಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡಮ್ ಆ ಕಂಪನದ ದೂರದ ದಾಖಲೆಗಳನ್ನು ಕೂತು ಓದಿದಾಗ, ಎರಡು ಬಗೆಯ ಅಲೆಗಳು ಭೂಮಿಯ ಒಡಲೊಳಗಿಂದ ಬೇರೆಬೇರೆ ವೇಗದಲ್ಲಿ ಬಂದಿರುವುದು ಕಂಡಿತು. ಮೊದಲು ಬರುವ ಪ್ರಾಥಮಿಕ ಅಲೆ ಕಲ್ಲನ್ನು ಮುಂದೆ ತಳ್ಳಿ ಹಿಂದೆ ಎಳೆಯುತ್ತ ಸಾಗುತ್ತದೆ, ದ್ರವದಲ್ಲೂ ಸಾಗುತ್ತದೆ. ಆಮೇಲೆ ಬರುವ ದ್ವಿತೀಯಕ ಅಲೆ ಕಲ್ಲನ್ನು ಅಡ್ಡಡ್ಡ ಅಲುಗಿಸುತ್ತದೆ. ಅಡ್ಡಕ್ಕೆ ಜಗ್ಗಿದ್ದು ಮತ್ತೆ ತನ್ನ ಜಾಗಕ್ಕೆ ಮರಳುವ ಬಿಗಿ ಗಟ್ಟಿ ವಸ್ತುವಿಗೆ ಮಾತ್ರ ಇದೆ, ದ್ರವಕ್ಕಿಲ್ಲ. ಆದ್ದರಿಂದ ಈ ಅಲೆ ದ್ರವದ ಅಂಚಿಗೆ ಬಂದರೆ ಅಲ್ಲಿಗೇ ಮುಗಿಯಿತು. ಜಪಾನಿನಲ್ಲಿ ದೊಡ್ಡ ಭೂಕಂಪವಾದರೆ ನಮ್ಮ ಗೌರಿಬಿದನೂರಿನ ಕಂಪನಮಾಪಕಗಳಿಗೆ ಪ್ರಾಥಮಿಕ ಅಲೆ ಸುಮಾರು 10 ನಿಮಿಷದಲ್ಲಿ, ದ್ವಿತೀಯಕ ಅಲೆ ಸುಮಾರು 19 ನಿಮಿಷದಲ್ಲಿ ಮುಟ್ಟುತ್ತವೆ. ದಾರಿಯಲ್ಲಿ ಅವು ಸಾವಿರ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮುಳುಗಿ ಎದ್ದಿರುತ್ತವೆ. ಮ್ಯಾಂಟಲ್ ದ್ರವವಾಗಿದ್ದರೆ ಆ ಎರಡನೆಯ ಅಲೆ ಬರುವ ಮಾತೇ ಇರಲಿಲ್ಲ. ಚಿಲಿಯಲ್ಲಿ ಕಂಪಿಸಿದರೆ ಮಾತ್ರ ಅದು ನೇರವಾಗಿ ನಮ್ಮನ್ನು ತಲುಪುವುದಿಲ್ಲ. ನಡುವೆ ಕೇಂದ್ರಗೋಳ ಅಡ್ಡ ನಿಲ್ಲುತ್ತದೆ. ಭೂಮಿಯೊಳಗೆ ನಿಜವಾದ ದ್ರವದ ಪದರ ಇರುವುದು ಅಲ್ಲಿ, 2,900 ಕಿಲೋಮೀಟರ್ ಕೆಳಗೆ, ಕರಗಿದ ಕಬ್ಬಿಣದ ರೂಪದಲ್ಲಿ. ಅದರೊಳಗಿರುವ ಗಟ್ಟಿ ಉಂಡೆಯ ಇರವನ್ನು 1936ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಇಂಗೆ ಲೇಮನ್.

ಹಾಗಾದರೆ ಜ್ವಾಲಾಮುಖಿಯಿಂದ ಉಕ್ಕುವ ಲಾವಾರಸ ಎಲ್ಲಿಯದು? ಆಳಕ್ಕೆ ಹೋದಂತೆ ಬಿಸಿ ಏರುವುದಂತೂ ಸತ್ಯ. ಕೋಲಾರದ ಚಿನ್ನದ ಗಣಿ 3.2 ಕಿಲೋಮೀಟರ್ ಆಳ ಮುಟ್ಟಿದಾಗ ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಈ ಲೆಕ್ಕದಲ್ಲಿ ನೂರಾರು ಕಿಲೋಮೀಟರ್ ಕೆಳಗೆ ಎಲ್ಲವೂ ಕರಗಿರಲೇಬೇಕಲ್ಲ ಎಂದು ಯಾರಿಗಾದರೂ ತೋಚುತ್ತದೆ. ಉತ್ತರಕ್ಕೆ ಅಡುಗೆಮನೆಯ ಕುಕ್ಕರ್ ನೋಡಿ. ಒಳಗಿನ ನೀರು 100 ಡಿಗ್ರಿ ದಾಟಿದರೂ ಒತ್ತಡದಿಂದಾಗಿ ನೀರಾಗಿಯೇ ಇರುತ್ತದೆ. ಒತ್ತಡ ಬಿಟ್ಟ ಕೂಡಲೇ ಅದರ ಒಂದು ಪಾಲು ಭುಸ್ಸೆಂದು ಆವಿಯಾಗುತ್ತದೆ. ಮೇಲಿನ ಬಂಡೆಗಳ ಭಾರ ಮ್ಯಾಂಟಲ್ಲಿನ ಕಲ್ಲನ್ನೂ ಹಾಗೆಯೇ ಕರಗಗೊಡುವುದಿಲ್ಲ. ಬಿಸಿ ಕಲ್ಲು ಎಲ್ಲೋ ಒಂದೆಡೆ ಮೇಲಕ್ಕೆ ಬಂದು ಒತ್ತಡ ಇಳಿದಾಗ, ಇಲ್ಲವೇ ಕಲ್ಲಿನೊಳಗೆ ನೀರು ಸೇರಿದಾಗ, ಅದರ ಒಂದಷ್ಟು ಪಾಲು ಮಾತ್ರ ಕರಗಿ ಶಿಲಾಪಾಕವಾಗುತ್ತದೆ. ಬೆಳಗಾವಿ, ವಿಜಯಪುರಗಳ ಕಪ್ಪು ಮಣ್ಣಿಗೆ ತಾಯಿಯಾದ ದಖನ್ನಿನ ಲಾವಾ ಬಂಡೆಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹುಟ್ಟಿದ್ದೂ ಹೀಗೆ ಕರಗಿದ ಕಲ್ಲಿನಿಂದ.

ನಿಜವಾಗಿ ತೊಡಕಿನ ಆಕ್ಷೇಪ ಇನ್ನೊಂದಿದೆ. ಗಟ್ಟಿ ಕಲ್ಲಿನಲ್ಲಿ ಭೂಫಲಕಗಳು ಸರಿಯುವುದು, ಮುಳುಗುವುದು ಹೇಗೆ ಸಾಧ್ಯ? ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣ ಕರಗಿರುವುದಿಲ್ಲ, ಆದರೂ ಹೇಳಿದಂತೆ ಕೇಳುತ್ತದೆ. ಮ್ಯಾಂಟಲ್ಲಿನಲ್ಲಿ ಸುತ್ತಿಗೆಯ ಜಾಗದಲ್ಲಿ ಇರುವುದು ಕಾಲ. ಹರಳುಗಳ ಪರಮಾಣು ಜೋಡಣೆಯಲ್ಲಿನ ದೋಷಗಳು ಒಂದೊಂದೇ ಪರಮಾಣುವಿನಷ್ಟು ಜರುಗುತ್ತ, ಲಕ್ಷಾಂತರ ವರ್ಷಗಳಲ್ಲಿ ಕಲ್ಲೇ ಹರಿದುಬಿಡುತ್ತದೆ. ಭೂಮಿ ತೆಳು ಸಿಪ್ಪೆಯ ದ್ರವದುಂಡೆಯಾಗಿದ್ದರೆ ಚಂದ್ರನ ಸೆಳೆತಕ್ಕೆ ಸಮುದ್ರದ ಜೊತೆ ನೆಲವೂ ಉಬ್ಬಿ, ದಡದಲ್ಲಿ ನಮಗೆ ಉಬ್ಬರ ಇಳಿತ ಕಾಣುತ್ತಲೇ ಇರಲಿಲ್ಲ ಎಂದು 19ನೇ ಶತಮಾನದಲ್ಲೇ ಲಾರ್ಡ್ ಕೆಲ್ವಿನ್ ವಾದಿಸಿದ್ದರು. ಗಂಟೆಗಳ ಲೆಕ್ಕದಲ್ಲಿ ಭೂಮಿ ಉಕ್ಕಿನಷ್ಟು ಬಿಗಿ. ಸಾವಿರಾರು ವರ್ಷಗಳ ಲೆಕ್ಕದಲ್ಲಿ ಅದು ಜೋನಿಬೆಲ್ಲ. ಹಿಮಯುಗದಲ್ಲಿ ಸ್ವೀಡನ್, ಫಿನ್ಲೆಂಡ್‌ಗಳ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಕೂತು ನೆಲ ಕುಸಿದಿತ್ತು. ಹಿಮ ಕರಗಿ ಸುಮಾರು ಹತ್ತು ಸಾವಿರ ವರ್ಷ ಕಳೆದರೂ, ಕೆಳಗಿನ ಕಲ್ಲು ನಿಧಾನ ವಾಪಸು ಹರಿದು ಬರುತ್ತ, ಅಲ್ಲಿನ ಬೋತ್ನಿಯಾ ಕೊಲ್ಲಿಯ ದಡ ವರ್ಷಕ್ಕೆ ಸೆಂಟಿಮೀಟರಿನಷ್ಟು ಇನ್ನೂ ಮೇಲೇಳುತ್ತಿದೆ. ಬಂದರಿನಲ್ಲಿ ನೀರು ಸಾಲದೆ ಲುಲಿಯೊ ಎಂಬ ಊರನ್ನು 1649ರಲ್ಲಿ ಕಡಲಿನತ್ತ ಸರಿಸಬೇಕಾಯಿತು.

ಫಲಕಗಳನ್ನು ಓಡಿಸುವ ಬಲದಲ್ಲಿ ದೊಡ್ಡ ಪಾಲು ಅವುಗಳ ಅಂಚಿನದು. ಹಳೆಯದಾಗಿ ತಣಿದ ಸಾಗರತಳ ಮ್ಯಾಂಟಲ್ಲಿಗಿಂತ ಭಾರ. ಅದು ಮುಳುಗುತ್ತ ಹಿಂದಿನದನ್ನೆಲ್ಲ ಎಳೆದೊಯ್ಯುತ್ತದೆ. ಭಾರತಕ್ಕೂ ಏಷ್ಯಾಕ್ಕೂ ನಡುವೆ ಹಿಂದೆ ಇದ್ದ ಟೆಥಿಸ್ ಸಾಗರದ ತಳ ಏಷ್ಯಾದ ಅಡಿ ಮುಳುಗುತ್ತಿದ್ದಾಗ ಭಾರತ ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗೂ ಮಿಗಿಲಾದ ವೇಗದಲ್ಲಿ ಉತ್ತರಕ್ಕೆ ಓಡಿತು. ಸಾಗರ ಮುಗಿದು ಖಂಡಕ್ಕೆ ಖಂಡ ಡಿಕ್ಕಿ ಹೊಡೆದ ಮೇಲೆ ವೇಗ ತಗ್ಗಿತು. ಈಗ ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ ಎನ್ನುತ್ತದೆ ಉಪಗ್ರಹಗಳ ಅಳತೆ. ಮ್ಯಾಂಟಲ್ ಲಾವಾರಸವಾಗಿದ್ದರೆ ಟೆಥಿಸ್ಸಿನ ತಳ ಬಾವಿಗೆ ಬಿದ್ದ ಕಲ್ಲಿನಂತೆ ಎಂದೋ ಮಾಯವಾಗಬೇಕಿತ್ತು. ಆಗಿಲ್ಲ. ತಣ್ಣನೆಯ ಕಲ್ಲಿನಲ್ಲಿ ಭೂಕಂಪದ ಅಲೆಗಳು ತುಸು ಬೇಗ ಸಾಗುತ್ತವೆ. ಆ ಜಾಡು ಹಿಡಿದು ಹುಡುಕಿದವರಿಗೆ ಮುಳುಗಿದ ಆ ಸಾಗರತಳದ ಚೂರುಗಳು ಸಾವಿರ ಕಿಲೋಮೀಟರಿಗೂ ಕೆಳಗೆ, ಇನ್ನೂ ಪೂರ್ತಿ ಬಿಸಿಯಾಗದೆ, ಭಾರತದ ಅಡಿಯಲ್ಲೇ ಸಿಕ್ಕಿವೆ.